ಆನೆ ರೋಸಿ ಮತ್ತು ಹಸಿದವರ ಸರ್ಕಸ್ಸು

ಪ್ರಶ್ನೆಪತ್ರಿಕೆ ಎದುರಿಗಿದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಓದುತ್ತಿರುವ ಜೇಕಬ್ ಯಾಂಕೋವ್‌ಸ್ಕಿ ಒಂದಕ್ಷರವನ್ನೂ ಬರೆಯದೆ ಪರೀಕ್ಷೆಯಿಂದ ಎದ್ದು ಹೊರಟುಬಿಡುತ್ತಾನೆ. ಅಪ್ಪ ಅಮ್ಮ ಇಬ್ಬರೂ ಕಾರು ಅಪಘಾತದಲ್ಲಿ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಮಗನ ಓದಿಗಾಗಿ ಅವರು ಮನೆ ಅಡವಿಟ್ಟಿದ್ದ ಸಂಗತಿ ಅವರು ಹೋದ ಮೇಲೆ ಗೊತ್ತಾಗಿದೆ. ಅಪ್ಪನೂ ಪಶುವೈದ್ಯನೇ, ಕೈಯಲ್ಲಿ ಕಾಸಿಲ್ಲದ ರೈತರು ಕಾಳು, ಮೊಟ್ಟೆ ಕೊಟ್ಟರೂ ದನಕರುಗಳಿಗೆ ಮದ್ದು ಮಾಡುತ್ತಿದ್ದವನು. ದಿಕ್ಕು ತೋಚದ ಹುಡುಗ ರಾತ್ರಿ ಕತ್ತಲಲ್ಲಿ ಓಡುವ ರೈಲಿಗೆ ಹಾರಿ ಹತ್ತುತ್ತಾನೆ. ಅದು ಬೆಂಜಿನಿ ಬ್ರದರ್ಸ್ ಸರ್ಕಸ್ ಕಂಪನಿಯ ರೈಲು. ಇಸವಿ 1931, ಅಮೆರಿಕ ಆರ್ಥಿಕ ಕುಸಿತದಲ್ಲಿ ನಲುಗುತ್ತಿದ್ದ ಕಾಲ.

ಸಾರಾ ಗ್ರೂಯೆನ್ ಅವರ ‘ವಾಟರ್ ಫಾರ್ ಎಲಿಫೆಂಟ್ಸ್’ ಕಾದಂಬರಿ 2006ರಲ್ಲಿ ಪ್ರಕಟವಾಯಿತು. ಪ್ರೇಮಕಥೆ ಎಂದೇ ಹೆಸರಾಯಿತು. ಕುದುರೆಗಳ ಆಟ ಆಡಿಸುವ ಮಾರ್ಲೀನಾ, ಪ್ರಾಣಿಗಳ ಉಸ್ತುವಾರಿಯ ಅವಳ ಗಂಡ ಆಗಸ್ಟ್, ನಡುವೆ ಜೇಕಬ್. ಆದರೆ ನನ್ನ ಮಟ್ಟಿಗೆ ಈ ಪುಸ್ತಕದ ಜೀವಾಳ ಆ ಮೂವರ ನಡುವಿನ ಎಳೆದಾಟವಲ್ಲ. ಅವರು ಹತ್ತಿ ಹೊರಟಿರುವ ರೈಲು.

ಆ ರೈಲಿನಲ್ಲಿ ಮೇಲು ಕೀಳು ಬೋಗಿ ಬೋಗಿಗೂ ಬೇರೆ. ಊಟದ ಡೇರೆಯಲ್ಲೂ ಅಷ್ಟೇ: ಕಲಾವಿದರಿಗೂ ಕೂಲಿಗಳಿಗೂ ಮಧ್ಯೆ ಪರದೆ ಕಟ್ಟಿರುತ್ತಾರೆ. ಗೂಟ ಹೊಡೆದು ಡೇರೆ ಎತ್ತುವವರಿಗೆ ವಾರಗಟ್ಟಲೆ ಸಂಬಳ ಬಟವಾಡೆ ಆಗುವುದಿಲ್ಲ. ಕೇಳುವ ಧೈರ್ಯವೂ ಇಲ್ಲ. ಬೇಡವಾದವರನ್ನು ರಾತ್ರಿ ಓಡುವ ರೈಲಿನಿಂದ ತಳ್ಳಿಬಿಡುವುದು ಅಲ್ಲಿನ ಪದ್ಧತಿ. ಮುದುಕ ಕ್ಯಾಮೆಲ್‌ನ ಕಥೆಯಂತೂ ಎದೆ ಹಿಂಡುತ್ತದೆ. ಪಾನನಿಷೇಧದ ದಿನಗಳವು. ಔಷಧಿ ಹೆಸರಲ್ಲಿ ಸಿಗುತ್ತಿದ್ದ ಶುಂಠಿ ಸಾರ ಕುಡಿದು ಅವನ ಕಾಲುಗಳ ಸ್ವಾಧೀನ ತಪ್ಪುತ್ತದೆ. ಇದು ಲೇಖಕಿಯ ಕಲ್ಪನೆಯಲ್ಲ. 1930ರಲ್ಲಿ ಆ ಸಾರಕ್ಕೆ ಬೆರೆಸಿದ ವಿಷರಾಸಾಯನಿಕದಿಂದ ಅಮೆರಿಕದಲ್ಲಿ ಸಾವಿರಾರು ಬಡವರು ಹೀಗೆಯೇ ಕಾಲುಗಳ ಸ್ವಾಧೀನ ಕಳೆದುಕೊಂಡರು. ದುಡಿಯಲಾಗದ ಕ್ಯಾಮೆಲ್ ಕಣ್ಣಿಗೆ ಬಿದ್ದರೆ ರೈಲಿನಿಂದಾಚೆ. ಅವನನ್ನು ಬೋಗಿಯೊಳಗೆ ಬಚ್ಚಿಡುವ ಜೇಕಬ್ ಮತ್ತು ಕುಳ್ಳ ವಿದೂಷಕ ವಾಲ್ಟರ್‌ನ ಪ್ರೀತಿಯ ಮುಂದೆ ಉಳಿದ ಪ್ರೇಮ ಪ್ರಸಂಗಗಳು ಸಪ್ಪೆ ಅನಿಸುತ್ತವೆ. ಮಾರ್ಲೀನಾಳ ಪಾತ್ರಕ್ಕೆ ಇನ್ನಷ್ಟು ರಕ್ತಮಾಂಸ ಬೇಕಿತ್ತು.

ಇನ್ನು ರೋಸಿ. ದಿವಾಳಿಯೆದ್ದ ಇನ್ನೊಂದು ಕಂಪನಿಯಿಂದ ಬಂದ ಆನೆ. ಏನು ಹೇಳಿದರೂ ಕೇಳುವುದಿಲ್ಲವೆಂದು ಆಗಸ್ಟ್ ಅಂಕುಶದಿಂದ ಮೈಯೆಲ್ಲ ಗಾಯ ಮಾಡುತ್ತಾನೆ. ಅವಳು ದಡ್ಡಿಯಲ್ಲ. ತನ್ನನ್ನು ಕಟ್ಟಿದ ಗೂಟವನ್ನು ತಾನೇ ಕಿತ್ತು, ಹೋಗಿ ನಿಂಬೆ ಪಾನಕ ಕುಡಿದು, ವಾಪಸು ಬಂದು ಗೂಟವನ್ನು ಮತ್ತೆ ನೆಲಕ್ಕೆ ನಾಟಿ ಏನೂ ಅರಿಯದವಳಂತೆ ನಿಲ್ಲುತ್ತಾಳೆ. ಹಳೆಯ ಸರ್ಕಸ್ಸಿನ ನಿಜ ಆನೆಯೊಂದರ ಪ್ರಸಂಗದಿಂದ ಹುಟ್ಟಿದ ದೃಶ್ಯವಿದು. ಅವಳಿಗೆ ತಿಳಿಯುವುದು ಪೋಲಿಷ್ ಭಾಷೆ ಮಾತ್ರ ಎಂಬುದು ಗೊತ್ತಾಗುವ ಹೊತ್ತಿಗೆ ಆ ಪ್ರಾಣಿ ತಿಂದ ಏಟು ಓದುಗರ ಮೈಮೇಲೂ ಬಿದ್ದಿರುತ್ತದೆ. ಪೋಲಿಷ್ ಮನೆಯಲ್ಲಿ ಬೆಳೆದ ಜೇಕಬ್ ನಾಲ್ಕು ಮಾತಾಡಿದ್ದೇ ತಡ, ರೋಸಿ ಹೇಳಿದ್ದೆಲ್ಲ ಮಾಡುತ್ತಾಳೆ.

ಈ ಕಥೆ ಹೇಳುವವನು ವೃದ್ಧಾಶ್ರಮದಲ್ಲಿರುವ ಮುದುಕ ಜೇಕಬ್. ತನಗೆ ತೊಂಬತ್ತೋ ತೊಂಬತ್ತಮೂರೋ ಎಂಬುದೇ ಅವನಿಗೆ ನೆನಪಿಲ್ಲ. ಎದುರಿಗೆ ಸರ್ಕಸ್ ಡೇರೆ ಎದ್ದಿದೆ. ಕರೆದುಕೊಂಡು ಹೋಗಲು ಮನೆಯವರು ಬರುತ್ತಾರೆಂದು ಕಾಯುತ್ತಾನೆ. ತಟ್ಟೆಗೆ ಬಂದ ನುಣ್ಣಗೆ ಅರೆದ ಊಟ ಕಂಡು ಸಿಡುಕುತ್ತಾನೆ. ತಾನು ಆನೆಗಳಿಗೆ ನೀರು ಹೊರುತ್ತಿದ್ದೆ ಎಂದು ಇನ್ನೊಬ್ಬ ಮುದುಕ ಜಂಬ ಕೊಚ್ಚಿದಾಗ, ಸುಳ್ಳು ಎಂದು ಜಗಳಕ್ಕೇ ನಿಲ್ಲುತ್ತಾನೆ. ಮುಪ್ಪಿನ ಸಿಟ್ಟನ್ನು, ಅದರ ಕೆಳಗಿರುವ ಸ್ವಾಭಿಮಾನವನ್ನು ಗ್ರೂಯೆನ್ ಎಷ್ಟು ಗೌರವದಿಂದ ಬರೆದಿದ್ದಾರೆ!

2011ರಲ್ಲಿ ಬಂದ ಚಲನಚಿತ್ರ ಕಂಪನಿಯ ಮಾಲೀಕ ಅಂಕಲ್ ಆಲ್‌ನನ್ನು ಕೈಬಿಟ್ಟು, ಆಗಸ್ಟ್‌ನನ್ನೇ ಮಾಲೀಕನನ್ನಾಗಿ ಮಾಡಿತು. ಆ ಪಾತ್ರದಲ್ಲಿ ಕ್ರಿಸ್ಟೋಫ್ ವಾಲ್ಟ್ಸ್ ಚೆನ್ನಾಗಿ ನಟಿಸಿದ್ದಾರೆ, ನಿಜ. ಆದರೆ ಅದರಿಂದ ಕ್ರೌರ್ಯ ಒಬ್ಬ ಗಂಡನ ಹುಚ್ಚಾಗಿ ಕುಗ್ಗಿತು. ಸಂಬಳ ಕೊಡದೆ ದುಡಿಸಿ, ಬೇಡವಾದವರನ್ನು ರೈಲಿನಿಂದ ತಳ್ಳುವ ಲೆಕ್ಕಪುಸ್ತಕದ ಕ್ರೌರ್ಯ ಮಸುಕಾಯಿತು.

ಇಂದು ಸರ್ಕಸ್ಸೇ ಬದಲಾಗಿದೆ. ಹುಲಿ, ಸಿಂಹ, ಕರಡಿ, ಕೋತಿಗಳ ಆಟಕ್ಕೆ ಭಾರತ 1998ರಲ್ಲೇ ನಿಷೇಧ ಹೇರಿತು. ಅಮೆರಿಕದ ರಿಂಗ್ಲಿಂಗ್ ಕಂಪನಿ 2016ರಲ್ಲಿ ಆನೆಗಳನ್ನು ಆಟದಿಂದ ನಿವೃತ್ತಿಗೊಳಿಸಿತು, ಮರುವರ್ಷ ಡೇರೆ ಮುಚ್ಚಿತು, 2023ರಲ್ಲಿ ಪ್ರಾಣಿಗಳಿಲ್ಲದೆ ಮರಳಿತು. ಸಿನಿಮಾ ನೋಡಿದವರೂ ಈ ಕಾದಂಬರಿಯನ್ನು ಓದಲೇಬೇಕು; ಮುದುಕ ಜೇಕಬ್‌ನ ಅಧ್ಯಾಯಗಳನ್ನು ಮಾತ್ರ ಹಾರಿಸಬೇಡಿ.