ಮನೆಯ ಮೇಜು ಮತ್ತು ಕರ್ತನ ಭೋಜನ: ಮಾರ್ಮನ್ ಸಭೆಯ ಅನುಭವದಿಂದ ಏಳುವ ಪ್ರಶ್ನೆ

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ಕಾರಣ ಲೋಕದ ಬಹುತೇಕ ದೇವಾಲಯಗಳ ಬಾಗಿಲುಗಳು ಮುಚ್ಚಿದವು. ಕರ್ನಾಟಕದ ಸಭೆಗಳಲ್ಲಿಯೂ ಆ ವರುಷದ ಶುಭ ಶುಕ್ರವಾರ ಮತ್ತು ಈಸ್ಟರ್ ಹಬ್ಬದ ಆರಾಧನೆಗಳು ಮನೆಗಳೊಳಗೇ ನಡೆದವು. ಪ್ರಸಂಗವನ್ನು ದೂರದಿಂದ ಕೇಳಬಹುದು, ಕೀರ್ತನೆಯನ್ನು ಮನೆಯಲ್ಲಿ ಹಾಡಬಹುದು. ಆದರೆ ಕರ್ತನ ಭೋಜನವನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಮಾರ್ಮನ್ನರೆಂದು ಹೆಸರಾದ ಸಮುದಾಯವು ಕೊಟ್ಟ ಉತ್ತರವನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ. ನಂಬಿಕೆಯ ಕೇಂದ್ರವು ಮನೆಯೇ ಆಗಿರಬೇಕೆಂದು ಆ ಸಭೆಯು ವ್ಯಾಧಿ ಬರುವುದಕ್ಕೆ ಮೊದಲೇ ನಿರ್ಣಯಿಸಿತ್ತು. ಆ ನಿರ್ಣಯದ ಬಲವೂ ಕೊರತೆಯೂ ಒಂದೇ ಕಾಲದಲ್ಲಿ ಬೆಳಕಿಗೆ ಬಂದವು.

ಸಭೆಯ ಪರಿಚಯ

1830ರ ಏಪ್ರಿಲ್ 6ರಂದು ಜೋಸೆಫ್ ಸ್ಮಿತ್ ಅವರು ನ್ಯೂಯಾರ್ಕ್ ರಾಜ್ಯದಲ್ಲಿ ಈ ಸಭೆಯನ್ನು ಸ್ಥಾಪಿಸಿದರು. 1847ರಿಂದ ಅದರ ನೆಲೆ ಸಾಲ್ಟ್ ಲೇಕ್ ಕಣಿವೆಯಾಗಿದೆ. ಅದರ ಪೂರ್ಣ ನಾಮಧೇಯವನ್ನು 'ಕಡೇ ದಿವಸಗಳ ದೇವಜನರ ಯೇಸು ಕ್ರಿಸ್ತನ ಸಭೆ' ಎಂದು ಕನ್ನಡಿಸಬಹುದು. 'ಮಾರ್ಮನ್' ಎಂಬ ಅಡ್ಡಹೆಸರನ್ನು ಬಿಟ್ಟು ಪೂರ್ಣ ಹೆಸರನ್ನೇ ಬಳಸಬೇಕೆಂದು ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು 2018ರಲ್ಲಿ ಕೇಳಿಕೊಂಡರು. ಓದುಗರಿಗೆ ಗುರುತು ಸಿಗಲೆಂದು ಮಾತ್ರ ನಾವು ಹಳೆಯ ಹೆಸರನ್ನು ಇಲ್ಲಿ ಉಳಿಸಿಕೊಂಡಿದ್ದೇವೆ.

ಬೋಧನೆಯಲ್ಲಿ ಆ ಸಭೆಗೂ ನಮಗೂ ಇರುವ ಅಂತರ ಚಿಕ್ಕದಲ್ಲ. ಅವರು ಸತ್ಯವೇದದ ಜೊತೆಗೆ ಮಾರ್ಮನ್ ಗ್ರಂಥವನ್ನೂ ಬೇರೆ ಪ್ರಕಟನೆಗಳನ್ನೂ ಶಾಸ್ತ್ರವಾಗಿ ಅಂಗೀಕರಿಸುತ್ತಾರೆ. ನೈಸಿಯದ ವಿಶ್ವಾಸಪ್ರಮಾಣವು ಹೇಳುವ ತ್ರಿಯೇಕತ್ವವನ್ನು ಒಪ್ಪುವುದಿಲ್ಲ. ಅವರ ದೀಕ್ಷಾಸ್ನಾನವು ಸಿಂಧುವಲ್ಲವೆಂದು ರೋಮನ್ ಕಥೋಲಿಕ ಧರ್ಮಸಭೆಯು 2001ರಲ್ಲಿ ನಿರ್ಣಯಿಸಿತು. ಈ ಅಂತರವನ್ನು ಮರೆಮಾಡುವ ಉದ್ದೇಶ ನಮಗಿಲ್ಲ. ಆದರೂ ಒಂದು ಸಭೆಯು ಸಂಕಟಕಾಲದಲ್ಲಿ ನಡೆದುಕೊಂಡ ರೀತಿಯಿಂದ ಕಲಿಯುವುದಕ್ಕೆ ಅದರ ಎಲ್ಲಾ ಬೋಧನೆಗಳನ್ನು ಒಪ್ಪಬೇಕೆಂದಿಲ್ಲ.

ಅವರ ಸ್ಥಳೀಯ ಸಭೆಗೆ ವೇತನ ಪಡೆಯುವ ಸಭಾಪಾಲಕರಿಲ್ಲ. 'ಬಿಷಪ್' ಎನಿಸಿಕೊಳ್ಳುವವರು ವಾರದ ದಿನಗಳಲ್ಲಿ ತಮ್ಮ ಉದ್ಯೋಗದಲ್ಲಿದ್ದು, ಕೆಲವು ವರುಷಗಳ ಮಟ್ಟಿಗೆ ಸಭೆಯ ಭಾರವನ್ನು ಹೊರುತ್ತಾರೆ. ಪ್ರಸಂಗವನ್ನು ಸಭಿಕರೇ, ಸ್ತ್ರೀಯರೂ ಯೌವನಸ್ಥರೂ ಸೇರಿ, ಸರದಿಯಂತೆ ಮಾಡುತ್ತಾರೆ. ತಿಂಗಳಿಗೊಂದು ಭಾನುವಾರ, ಸಾಮಾನ್ಯವಾಗಿ ಮೊದಲನೆಯದರಲ್ಲಿ, ಉಪವಾಸವಿದ್ದು, ಬಿಟ್ಟ ಊಟಗಳ ಬೆಲೆಯನ್ನಾದರೂ ಬಡವರಿಗಾಗಿ ಕಾಣಿಕೆಯಾಗಿ ಕೊಡುವ ಪದ್ಧತಿಯಿದೆ. ಕರ್ತನ ಭೋಜನವು ಪ್ರತಿ ಭಾನುವಾರ ನಡೆಯುತ್ತದೆ. ರೊಟ್ಟಿಯ ಜೊತೆ ದ್ರಾಕ್ಷಾರಸದ ಬದಲು ನೀರನ್ನು ಕೊಡುತ್ತಾರೆ. ಅದನ್ನು ಕ್ರಿಸ್ತನ ಸ್ಮರಣೆ ಎಂದೂ ದೀಕ್ಷಾಸ್ನಾನದ ಒಡಂಬಡಿಕೆಯ ನವೀಕರಣವೆಂದೂ ತಿಳಿಯುತ್ತಾರೆ. ಆಶೀರ್ವಾದದ ಪ್ರಾರ್ಥನೆಯನ್ನು ಹೇಳುವವರು ಯಾಜಕತ್ವ ಹೊಂದಿದ ಪುರುಷರು. ಅನೇಕ ಕಡೆ ಹದಿನಾರು, ಹದಿನೇಳರ ಹುಡುಗರು. ಪ್ರಾರ್ಥನೆಯ ಮಾತುಗಳು ಗೊತ್ತುಮಾಡಲ್ಪಟ್ಟಿವೆ. ಒಂದು ಪದ ತಪ್ಪಿದರೂ ಮತ್ತೆ ಹೇಳಿಸುವುದು ವಾಡಿಕೆ.

ಮನೆಯನ್ನು ಕೇಂದ್ರವಾಗಿಸಿದ ನಿರ್ಣಯ

ಮನೆಗೆ ಕೊಡುವ ಮಹತ್ವ ಅವರಲ್ಲಿ ಹೊಸದಲ್ಲ. ವಾರಕ್ಕೊಂದು ಸಂಜೆ ಕುಟುಂಬವೆಲ್ಲಾ ಕೂಡಿ ಪ್ರಾರ್ಥಿಸಿ ಕಲಿಯಬೇಕೆಂಬ ಕರೆಯನ್ನು 1915ರಲ್ಲೇ ಕೊಡಲಾಗಿತ್ತು. 1980ರಲ್ಲಿ, ವಾರದುದ್ದಕ್ಕೂ ಹಂಚಿಹೋಗಿದ್ದ ಕೂಟಗಳನ್ನು ಒಟ್ಟುಗೂಡಿಸಿ ಭಾನುವಾರದಂದು ಮೂರು ಗಂಟೆಗಳಿಗೆ ಇಳಿಸಿದರು. 2018ರ ಅಕ್ಟೋಬರಿನ ಮಹಾಸಮ್ಮೇಳನದಲ್ಲಿ ನೆಲ್ಸನ್ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. 2019ರ ಜನವರಿಯಿಂದ ಭಾನುವಾರದ ಕೂಟವು ಎರಡೇ ಗಂಟೆ. ಉಳಿದ ಕಲಿಕೆಯು ಮನೆಯಲ್ಲಿ. ಮನೆಯು ಕೇಂದ್ರ, ಸಭೆಯು ಅದಕ್ಕೆ ಆಧಾರ ಎಂಬುದು ಆ ನಿರ್ಣಯದ ಸಾರ. ಲೋಕದ ಎಲ್ಲಾ ಕುಟುಂಬಗಳೂ ಆಯಾ ವಾರ ಒಂದೇ ಶಾಸ್ತ್ರಭಾಗವನ್ನು ಓದುವಂತೆ ಪಾಠಕ್ರಮವೂ ಸಿದ್ಧವಾಯಿತು.

ಅದೇ ವರುಷದ ಏಪ್ರಿಲಿನಲ್ಲಿ ಮನೆಭೇಟಿಯ ಪದ್ಧತಿಯನ್ನೂ ಬದಲಿಸಿದ್ದರು. ಮೊದಲು ತಿಂಗಳಿಗೊಮ್ಮೆ ಹೋಗಿ ಪಾಠ ಹೇಳಿ ವರದಿ ಕೊಡುವ ಕ್ರಮವಿತ್ತು. ಅದರ ಬದಲು, ಪ್ರತಿ ಮನೆಗೂ ಇಂಥವರೆಂದು ನೇಮಕವಾದ ಸಭಿಕರು ಆ ಮನೆಯ ಅಗತ್ಯವನ್ನರಿತು ಸೇವೆ ಮಾಡಬೇಕೆಂದಾಯಿತು. ಬೆಂಗಳೂರಿನಲ್ಲಿ ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಕಟ್ಟುವ ಘೋಷಣೆ ಹೊರಟಿದ್ದೂ ಆ ಏಪ್ರಿಲ್ ಸಮ್ಮೇಳನದಲ್ಲಿಯೇ. 2020ರ ಡಿಸೆಂಬರಿನಲ್ಲಿ, ವ್ಯಾಧಿಯ ನಡುವೆಯೇ, ಅದಕ್ಕೆ ಭೂಮಿ ಅಗೆಯಲಾಯಿತು.

2020ರ ಮಾರ್ಚ್

ಮಾರ್ಚ್ 12ರಂದು ಆ ಸಭೆಯು ಲೋಕದಾದ್ಯಂತ ತನ್ನ ಎಲ್ಲಾ ಸಾರ್ವಜನಿಕ ಕೂಟಗಳನ್ನು ನಿಲ್ಲಿಸಿತು. ಪಾಠಕ್ರಮವು ಕುಟುಂಬಗಳ ಕೈಯಲ್ಲಿತ್ತು. ಓದಿಗೂ ಪ್ರಾರ್ಥನೆಗೂ ಹೊಸ ಏರ್ಪಾಡು ಬೇಕಾಗಲಿಲ್ಲ. ಕರ್ತನ ಭೋಜನದ ವಿಷಯದಲ್ಲಿ, ತಿಂಗಳಿಗೆ ಒಮ್ಮೆಯಾದರೂ ಸಭಿಕರಿಗೆ ಅದು ದೊರೆಯುವಂತೆ ಸ್ಥಳೀಯ ನಾಯಕರು ದಾರಿ ಹುಡುಕಬೇಕೆಂದು ಸೂಚಿಸಲಾಯಿತು. ಬಿಷಪರ ಅನುಮತಿಯಿದ್ದರೆ, ಯಾಜಕತ್ವ ಹೊಂದಿದ ತಂದೆಯಾಗಲಿ ಮಗನಾಗಲಿ ತನ್ನ ಮನೆಯ ಮೇಜಿನಲ್ಲಿ ರೊಟ್ಟಿಯನ್ನೂ ನೀರನ್ನೂ ಆಶೀರ್ವದಿಸಬಹುದಾಗಿತ್ತು.

ಇದರಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಬಿಷಪರ ಅನುಮತಿ. ಮನೆಯಲ್ಲಿ ನಡೆದರೂ ಅದು ಕುಟುಂಬದ ಖಾಸಗಿ ಕಾರ್ಯವಾಗದೆ ಸಭೆಯ ಕಾರ್ಯವಾಗಿಯೇ ಉಳಿಯಿತು. ಎರಡನೆಯದು, ದೇಹದ ಸಾನ್ನಿಧ್ಯ. ಆಶೀರ್ವದಿಸುವವರೂ ರೊಟ್ಟಿಯೂ ಅದನ್ನು ತೆಗೆದುಕೊಳ್ಳುವವರೂ ಒಂದೇ ಸ್ಥಳದಲ್ಲಿರಬೇಕು. ಮುಂದೆ ಕೂಟಗಳನ್ನು ಅಂತರ್ಜಾಲದಲ್ಲಿ ಬಿತ್ತರಿಸಲು ಅನುಮತಿ ಸಿಕ್ಕಾಗಲೂ, ಭೋಜನದ ವೇಳೆಯಲ್ಲಿ ಪ್ರಸಾರವನ್ನು ನಿಲ್ಲಿಸಬೇಕೆಂಬ ನಿಯಮವಿತ್ತು. ಪರದೆಯ ಮುಂದೆ ರೊಟ್ಟಿ ಇಟ್ಟುಕೊಳ್ಳುವುದನ್ನು ಅನೇಕ ಪ್ರೊಟೆಸ್ಟಂಟ್ ಸಭೆಗಳು ಒಪ್ಪಿದ ಕಾಲದಲ್ಲಿ ಇದು ದೃಢವಾದ ನಿಲುವೇ ಸರಿ. ಶರೀರಧಾರಿಯಾಗಿ ಬಂದ ಕರ್ತನ ಮೇಜಿಗೆ ಶರೀರಗಳು ಕೂಡಿಬರಬೇಕೆಂಬ ಆಗ್ರಹವನ್ನು ನಾವು ಗೌರವಿಸುತ್ತೇವೆ.

ಯಾಜಕತ್ವವಿಲ್ಲದ ಮನೆ

ಆದರೆ ಮನೆ ಎಂದಾಗ ಯಾರ ಮನೆ? ತಂದೆ, ತಾಯಿ, ದೀಕ್ಷೆ ಹೊಂದಿದ ಗಂಡುಮಕ್ಕಳು ಇರುವ ಮನೆಯಲ್ಲಿ ಪ್ರತಿ ಭಾನುವಾರ ರೊಟ್ಟಿ ಮುರಿಯಲ್ಪಟ್ಟಿತು. ವಿಧವೆಯ ಮನೆಯಲ್ಲಿ, ಒಂಟಿ ಸ್ತ್ರೀಯ ಬಾಡಿಗೆ ಕೋಣೆಯಲ್ಲಿ, ಗಂಡನು ಸಭೆಗೆ ಸೇರದಿರುವ ಮನೆಯಲ್ಲಿ, ಚಿಕ್ಕ ಮಕ್ಕಳನ್ನು ಒಬ್ಬಳೇ ಸಾಕುವ ತಾಯಿಯ ಮನೆಯಲ್ಲಿ ಆ ಮೇಜು ಬರಿದಾಗಿತ್ತು. 1978ರಿಂದ ಎಲ್ಲಾ ಜನಾಂಗಗಳ ಪುರುಷರಿಗೆ ಯಾಜಕತ್ವವು ತೆರೆದಿದ್ದರೂ ಸ್ತ್ರೀಯರಿಗೆ ಅದು ಇಲ್ಲ. ಭೋಜನ ದೊರೆಯದವರು ಅದರ ಪ್ರಾರ್ಥನೆಗಳನ್ನು ಧ್ಯಾನಿಸಿ, ತಮ್ಮ ಒಡಂಬಡಿಕೆಯನ್ನು ಮನಸ್ಸಿನಲ್ಲಿ ದೃಢಪಡಿಸಿಕೊಂಡು ಸಮಾಧಾನ ಹೊಂದಬಹುದೆಂದು ಏಪ್ರಿಲಿನಲ್ಲಿ ಸಲಹೆ ಬಂತು. ವಾರ ವಾರವೂ ಅದನ್ನು ಪಡೆದು ಬೆಳೆದವರಿಗೆ ಈ ಸಲಹೆ ಎಷ್ಟು ಹಗುರವೆಂದು ತೋರಿರಬೇಕು! ಆ ನೋವನ್ನು ಆ ಸಭೆಯ ಸ್ತ್ರೀಯರೇ ಬಹಿರಂಗವಾಗಿ ಬರೆದರು.

ಕೊರತೆಯನ್ನು ನೀಗಿಸುವ ದಾರಿಯೂ ಆ ಸಭೆಯಲ್ಲೇ ಇತ್ತು. ಮನೆಭೇಟಿಗೆ ನೇಮಕವಾದ ಸಹೋದರರು ಸರಕಾರದ ಕಟ್ಟಳೆ ಸಡಿಲವಾಗಿದ್ದಲ್ಲಿ ಆ ಮನೆಗಳಿಗೆ ಹೋಗಿ, ರೊಟ್ಟಿ ನೀರನ್ನು ಆಶೀರ್ವದಿಸಿ ಕೊಡಬಹುದಾಗಿತ್ತು. ಅವರು ಹೋದಲ್ಲಿ ಮೇಜು ತುಂಬಿತು. ಹೋಗಲಾಗದಲ್ಲಿ ಅಥವಾ ಮರೆತಲ್ಲಿ ಬರಿದಾಗಿಯೇ ಉಳಿಯಿತು. ಹೀಗೆ, ಮನೆಯನ್ನು ಕೇಂದ್ರವೆಂದು ಸಾರಿದ ಸಭೆಯಲ್ಲಿ ಮನೆಯ ಆರಾಧನೆಯನ್ನು ಪೂರ್ಣಗೊಳಿಸಿದ್ದು ಹೊರಗಿನಿಂದ ಬಾಗಿಲಿಗೆ ಬಂದ ಸಹೋದರನ ಕಾಲುಗಳೇ.

ನಮ್ಮ ಸಭೆಗಳಿಗೆ

ಈ ಮಾತು ನಮ್ಮನ್ನೂ ಮುಟ್ಟುತ್ತದೆ. ದಕ್ಷಿಣ ಭಾರತ ಸಭೆಯಲ್ಲಿ ಸ್ತ್ರೀಯರೂ ಅಭಿಷೇಕ ಹೊಂದುತ್ತಾರೆ. ಆದರೆ ಪ್ರಭುಭೋಜನವನ್ನು ನಡೆಸುವವರು ಅಭಿಷಿಕ್ತ ಸಭಾಪಾಲಕರು ಮಾತ್ರ. ಒಬ್ಬ ಸಭಾಪಾಲಕರಿಗೆ ಹಲವು ಗ್ರಾಮಸಭೆಗಳಿರುವಲ್ಲಿ, ಅವರು ಬರುವ ಭಾನುವಾರವೇ ಭೋಜನದ ಭಾನುವಾರ. ಹಾಸಿಗೆ ಹಿಡಿದ ವೃದ್ಧರಿಗೆ ಆ ಭಾನುವಾರವೂ ಇಲ್ಲ. ಮಾರ್ಮನ್ ಮನೆಗಳಲ್ಲಿ ಕೆಲವು ತಿಂಗಳು ಕಂಡುಬಂದ ಬರಿದಾದ ಮೇಜು ನಮ್ಮ ಕೆಲವು ಮನೆಗಳಲ್ಲಿ ವರುಷಗಟ್ಟಲೆ ಇರುತ್ತದೆ.

ಆದಿಸಭೆಯ ಮಾದರಿಯನ್ನು ಇಲ್ಲಿ ನೆನೆಯಬೇಕು. ಮೊದಲ ವಿಶ್ವಾಸಿಗಳು ಮನೆಗಳಲ್ಲಿ ರೊಟ್ಟಿ ಮುರಿದರೆಂದು ಅಪೊಸ್ತಲರ ಕೃತ್ಯಗಳು ಎರಡನೆಯ ಅಧ್ಯಾಯವು ತಿಳಿಸುತ್ತದೆ. ಎರಡನೆಯ ಶತಮಾನದ ನಡುವಿನಲ್ಲಿ ರೋಮಾಪುರದಿಂದ ಬರೆದ ರಕ್ತಸಾಕ್ಷಿ ಜಸ್ಟಿನನು, ಕೂಟಕ್ಕೆ ಬಾರದಿದ್ದವರಿಗೆ ಸಭಾಸೇವಕರು ಅವರ ಪಾಲನ್ನು ಕೊಂಡೊಯ್ಯುತ್ತಿದ್ದರೆಂದು ತನ್ನ ಮೊದಲನೆಯ ಪ್ರತಿವಾದದಲ್ಲಿ ವಿವರಿಸಿದ್ದಾನೆ. ಬಾರದವರ ಪಾಲನ್ನು ಲೆಕ್ಕವಿಡುವುದು ಆ ಆರಾಧನೆಯ ಭಾಗವೇ ಆಗಿತ್ತು. ಹಸಿದವರನ್ನು ಬಿಟ್ಟು ತಾವೇ ಉಂಡ ಕೊರಿಂಥದವರನ್ನು ಪೌಲನು ಗದರಿಸಿದ್ದೂ ಇದೇ ಕಾರಣದಿಂದ.

ಯಾರು ಆಶೀರ್ವದಿಸಬಹುದು ಎಂಬ ವಾದವು ದೇವತಾಶಾಸ್ತ್ರದಲ್ಲಿ ಮುಂದುವರಿಯಲಿ, ಅದು ಮುಖ್ಯವಾದದ್ದೇ. ಅದು ಮುಗಿಯುವ ತನಕ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಪ್ರತಿ ಸಭಾಮಂಡಲಿಯೂ ತನ್ನ ಊರಿನಲ್ಲಿ ಮೇಜಿಗೆ ಬರಲಾಗದವರ ಹೆಸರುಗಳನ್ನು ಬರೆದಿಡಬಹುದು. ಪ್ರತಿ ಹೆಸರಿಗೂ ಇಬ್ಬರು ಸಭಿಕರನ್ನು ನೇಮಿಸಬಹುದು. ಭೋಜನದ ಭಾನುವಾರ ಆ ಮನೆಗಳಿಗೂ ಹೋಗುವುದಕ್ಕೆ ಸಭಾಪಾಲಕರಿಗೆ ಹೊತ್ತನ್ನೂ ವಾಹನವನ್ನೂ ಒದಗಿಸಬಹುದು. ಇಷ್ಟನ್ನು ಮಾಡಲು ಯಾವ ಸಿನೋಡಿನ ನಿರ್ಣಯವೂ ಬೇಕಾಗಿಲ್ಲ.