ಕೊಬ್ಬಿನ ಯಕೃತ್ತು ಮತ್ತು ಚಯಾಪಚಯ ಲಕ್ಷಣಕೂಟ: ತುಂಗಾ–ಭದ್ರಾ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಯಕೃತ್ತಿನ ಜೀವಕೋಶಗಳ ಪೈಕಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಶೇಖರವಾದ ಸ್ಥಿತಿಯೇ ಕೊಬ್ಬಿನ ಯಕೃತ್ತು. ಇದು ಮದ್ಯಪಾನಿಗಳ ಕಾಯಿಲೆಯೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು ಮದ್ಯದ ಕಾರಣವಿಲ್ಲದೆಯೂ ಅಂಥದೇ ಉರಿಯೂತ ಉಂಟಾಗುವುದನ್ನು ವಿವರಿಸಿದರು. 1988ರಲ್ಲಿ ಜೆರಾಲ್ಡ್ ರೀವನ್ ಇನ್ಸುಲಿನ್ ಪ್ರತಿರೋಧವನ್ನು ಕೇಂದ್ರವಾಗಿರಿಸಿ ‘ಸಿಂಡ್ರೋಮ್ ಎಕ್ಸ್’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಬೇರೆಬೇರೆಯಾಗಿ ಹರಿದ ಈ ಎರಡು ಚಿಂತನೆಗಳು ಕೂಡಲಿಯಲ್ಲಿ ತುಂಗೆ ಭದ್ರೆಯರು ಕೂಡುವಂತೆ ಒಂದಾಗಿವೆ. 2023ರಲ್ಲಿ ರೋಗದ ಅಂತಾರಾಷ್ಟ್ರೀಯ ನಾಮಧೇಯದಲ್ಲಿಯೇ ‘ಚಯಾಪಚಯ’ ಪದವು ಸೇರ್ಪಡೆಯಾದುದು ಇದಕ್ಕೆ ಸಾಕ್ಷಿ.

ಚಯಾಪಚಯ ಲಕ್ಷಣಕೂಟದ ಅಂಗಗಳು ಐದು: ಭಾರತೀಯ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಸೊಂಟದ ಸುತ್ತಳತೆ, 150 ಮಿ.ಗ್ರಾಂ. ಮುಟ್ಟಿದ ಟ್ರೈಗ್ಲಿಸರೈಡ್, ಪುರುಷರಲ್ಲಿ 40, ಸ್ತ್ರೀಯರಲ್ಲಿ 50 ಮಿ.ಗ್ರಾಂ.ಗಿಂತ ಕೆಳಗಿಳಿದ ಎಚ್‌ಡಿಎಲ್; 130/85 ಮುಟ್ಟಿದ ರಕ್ತದೊತ್ತಡ; 100 ಮಿ.ಗ್ರಾಂ. ಮುಟ್ಟಿದ ಉಪವಾಸದ ಗ್ಲೂಕೋಸ್. ಇವುಗಳಲ್ಲಿ ಮೂರಿದ್ದರೆ ಲಕ್ಷಣಕೂಟವಿದೆಯೆಂದು ಅರ್ಥ.

ಇವೆರಡರ ಸಂಬಂಧ ಉಭಯಮುಖಿಯಾದುದು. ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್‌ಗೆ ಮಣಿಯದಾದಾಗ ಕೊಬ್ಬಿನಾಮ್ಲಗಳು ಯಕೃತ್ತಿನತ್ತ ಹರಿಯುತ್ತವೆ. ಹೆಚ್ಚುವರಿ ಪಿಷ್ಟ, ಸಕ್ಕರೆಗಳಿಂದ ಯಕೃತ್ತು ತಾನೂ ಕೊಬ್ಬನ್ನು ತಯಾರಿಸುತ್ತದೆ. ಅದನ್ನು ಹೊರಸಾಗಿಸುವಾಗ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ. ಇನ್ಸುಲಿನ್‌ನ ಅಂಕುಶ ಸಡಿಲವಾದುದರಿಂದ ಗ್ಲೂಕೋಸ್ ಕೂಡ ಅಗತ್ಯ ಮೀರಿ ಬಿಡುಗಡೆಯಾಗುತ್ತದೆ. ಹೀಗೆ ಯಕೃತ್ತು ಈ ವಿಕಾರದ ಬಲಿಪಶುವೂ ಹೌದು, ಪೋಷಕವೂ ಹೌದು.

ಶಿವಮೊಗ್ಗ–ಭದ್ರಾವತಿ ಪ್ರದೇಶದ ಅನ್ನ, ಕಡುಬು, ಅಕ್ಕಿರೊಟ್ಟಿಗಳು ಗದ್ದೆ ತೋಟಗಳ ದುಡಿಮೆಗೆ ತಕ್ಕ ಆಹಾರ. ದುಡಿಮೆ ಕುಗ್ಗಿ ಊಟ ಹಾಗೆಯೇ ಉಳಿದರೆ ಲೆಕ್ಕ ತಪ್ಪುತ್ತದೆ. ಸಕ್ರೆಬೈಲಿನ ಬಿಡಾರದಿಂದ ರಾತ್ರಿ ಕಾಡಿಗೆ ಬಿಟ್ಟ ಆನೆಗಳನ್ನು ಮುಂಜಾನೆ ಅರಸಿ ತರುವ ಮಾವುತ, ಕಾವಾಡಿಗರಿಗೆ ನಡಿಗೆ ವೃತ್ತಿಯ ಅಂಗ; ಸಮೀಪದ ನಗರದ ಕಚೇರಿ ನೌಕರನಿಗೆ ಅದು ಬಿಡುವು ಮಾಡಿಕೊಂಡು ಕೈಗೊಳ್ಳಬೇಕಾದ ಕೆಲಸ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೊಡನೆ ಬೆಳೆದ ಭದ್ರಾವತಿಗೆ ಪಾಳಿಯ ದುಡಿಮೆ ಹೊಸದಲ್ಲ. ನಿದ್ರೆ, ಊಟಗಳ ವೇಳೆಯ ಪಲ್ಲಟವೂ ಇನ್ಸುಲಿನ್ ಪ್ರತಿರೋಧವನ್ನು ಹೆಚ್ಚಿಸಬಲ್ಲದು.

ಮತ್ತಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ‘ಮೊದಲ ದರ್ಜೆಯ ಕೊಬ್ಬು’ ಎಂಬ ವರದಿ ಬಂದಾಗ ಅದನ್ನು ಕಡೆಗಣಿಸುವುದು ಸಾಮಾನ್ಯ. ವಾಸ್ತವವಾಗಿ ಈ ರೋಗಿಗಳ ಮರಣಕ್ಕೆ ಯಕೃತ್ತಿಗಿಂತ ಹೃದಯರೋಗವೇ ಹೆಚ್ಚಾಗಿ ಕಾರಣವಾಗುತ್ತದೆ. ಆದುದರಿಂದ ಆ ವರದಿ ಸೊಂಟ, ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬುಗಳ ಪರೀಕ್ಷೆಗೆ ಸೂಚನೆಯೆಂದೇ ತಿಳಿಯಬೇಕು. ಯಕೃತ್ತಿನ ಕಿಣ್ವಗಳು ಸಹಜವಾಗಿದ್ದರೂ ಗಾಯದ ನಾರು ಬೆಳೆದಿರಬಹುದು. ವಯಸ್ಸು, ಎರಡು ಕಿಣ್ವಗಳು, ರಕ್ತದ ಕಿರುಬಿಲ್ಲೆಗಳ ಸಂಖ್ಯೆ ಇವುಗಳಿಂದ ಲೆಕ್ಕಹಾಕುವ ‘ಫಿಬ್-4’ ಸೂಚ್ಯಂಕ ಅದರ ಸುಳಿವು ನೀಡುತ್ತದೆ. 2021ರಲ್ಲಿ ಭಾರತ ಸರ್ಕಾರವು ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಸ್ಥೂಲದೇಹಿಗಳು ತೂಕದ ಶೇ. 7ರಿಂದ 10ರಷ್ಟನ್ನು ಇಳಿಸಿದರೆ ಕೊಬ್ಬೂ ಉರಿಯೂತವೂ ತಗ್ಗುತ್ತವೆ. ಎಂಬತ್ತು ಕಿಲೋ ತೂಗುವವರಿಗೆ ಅದು ಆರರಿಂದ ಎಂಟು ಕಿಲೋ ಮಾತ್ರ. ಸಿರೋಸಿಸ್ ಹಂತ ತಲುಪುವ ಮುನ್ನ ಯಕೃತ್ತು ಬಹುಮಟ್ಟಿಗೆ ಚೇತರಿಸಿಕೊಳ್ಳಬಲ್ಲದೆಂಬುದೇ ಆರಂಭದ ಪತ್ತೆಗೆ ಇರುವ ಮಹತ್ವ.