ಗಾಜು ಮೇಲೇಳದಿದ್ದರೆ ಮೊದಲು ಕಿವಿಗೊಡಿ

ಕಾರಿನ ಪವರ್ ವಿಂಡೋ ಕೈಕೊಡುವುದು ಹೆಚ್ಚಾಗಿ ಗಾಜು ಕೆಳಗಿಳಿದಿರುವಾಗಲೇ. ನಮ್ಮ ಗ್ರಹಚಾರವನ್ನು ದೂರಬೇಕಿಲ್ಲ, ಕಾರಣ ಸರಳವಾಗಿದೆ. ಇಳಿಯುವಾಗ ಗಾಜಿನ ತೂಕವೇ ಮೋಟಾರಿಗೆ ನೆರವಾಗುತ್ತದೆ. ಏರುವಾಗ ಆ ತೂಕವನ್ನೂ ಎರಡೂ ಬದಿಯ ರಬ್ಬರ್ ಬೀಡಿಂಗಿನ ಬಿಗಿತವನ್ನೂ ಮೋಟಾರೊಂದೇ ಗೆಲ್ಲಬೇಕು. ಬಲಗುಂದಿದ ಮೋಟಾರು ಗಾಜನ್ನು ಇಳಿಸಿಬಿಡುತ್ತದೆ, ಏರಿಸಲಾರದು. ಹೊರಗೆ ಜಡಿಮಳೆ ಹಿಡಿದಿದ್ದರೆ ಆಮೇಲಿನ ಪಾಡು ಹೇಳುವುದೇ ಬೇಡ.

‘ಮೋಟಾರ್ ಹೋಗಿದೆ ಸಾರ್, ಹೊಸದು ಹಾಕಬೇಕು’ ಎಂಬ ಮಾತು ಗ್ಯಾರೇಜಿನಲ್ಲಿ ಬಲು ಬೇಗ ಬರುತ್ತದೆ. ಒಪ್ಪುವ ಮುನ್ನ ಸ್ವಲ್ಪ ತಡೆಯಿರಿ. ಗಾಜು ನಿಲ್ಲಲು ಮೋಟಾರಿನಾಚೆ ಇನ್ನೂ ಹಲವು ಕಾರಣಗಳಿವೆ. ಅವುಗಳಲ್ಲಿ ಕೆಲವನ್ನು ಮನೆಯಂಗಳದಲ್ಲೇ ಸರಿಪಡಿಸಬಹುದು.

ಗುಂಡಿ ಒತ್ತಿದರೆ ಏರಿಳಿಯುವ ಗಾಜನ್ನು ಮೊದಲು ತಂದದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1941ರ ಮಾದರಿಯ ‘180’ ಕಾರುಗಳಲ್ಲಿ. ಅಲ್ಲಿ ಗಾಜನ್ನು ಎತ್ತುತ್ತಿದ್ದುದು ದ್ರವದ ಒತ್ತಡ. ಪೂರ್ತಿ ವಿದ್ಯುತ್ತಿನಿಂದಲೇ ಓಡುವ ವ್ಯವಸ್ಥೆ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿಗೆ ಬಂತು. ಇಂದು ಸಣ್ಣ ಹ್ಯಾಚ್‌ಬ್ಯಾಕಿನ ಬಾಗಿಲೊಳಗೂ ಮುಷ್ಟಿಗಾತ್ರದ 12 ವೋಲ್ಟ್ ಡಿ.ಸಿ. ಮೋಟಾರು ಕೂತಿದೆ. ಅದರ ದಂಡದ ತುದಿಯಲ್ಲಿ ತಿರುಪಿನಂತೆ ಸುರುಳಿ ಕೊರೆದ ಗೇರು ಇರುತ್ತದೆ. ಇದೇ ವರ್ಮ್ ಗೇರ್. ದಂಡ ಒಂದು ಸುತ್ತು ತಿರುಗಿದರೆ ಎದುರಿನ ಪ್ಲಾಸ್ಟಿಕ್ ಚಕ್ರ ಒಂದೆರಡು ಹಲ್ಲಿನಷ್ಟೇ ಮುಂದೆ ಸರಿಯುತ್ತದೆ. ವೇಗ ಕುಗ್ಗಿ ಬಲ ಹಿಗ್ಗುವುದು ಹೀಗೆ.

ಈ ಗೇರಿಗೆ ಇನ್ನೊಂದು ಗುಣವಿದೆ. ಸುರುಳಿ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಸುರುಳಿಯನ್ನು ತಿರುಗಿಸಲಾರದು, ಘರ್ಷಣೆ ಅಡ್ಡಬರುತ್ತದೆ. ನಿಲ್ಲಿಸಿದ ಕಾರಿನ ಗಾಜನ್ನು ಕಳ್ಳ ಕೈಯಿಂದ ಒತ್ತಿ ಇಳಿಸಲಾಗದಿರುವುದು ಇದರಿಂದಲೇ. ಮೋಟಾರು ಸತ್ತಾಗ ನೀವು ಎಷ್ಟೇ ಎತ್ತಿದರೂ ಗಾಜು ಮೇಲೆ ಬಾರದಿರುವುದೂ ಇದರಿಂದಲೇ.

ಈಗ ಸದ್ದಿನ ವಿಚಾರ. ಎಂಜಿನ್ ಆರಿಸಿ, ಇಗ್ನಿಷನ್ ಮಾತ್ರ ಆನ್ ಇಟ್ಟು ಸ್ವಿಚ್ ಒತ್ತಿ, ಬಾಗಿಲಿಗೆ ಕಿವಿಗೊಡಿ. ಮೋಟಾರು ಸಲೀಸಾಗಿ ಗುಯ್‌ಗುಟ್ಟಿದರೂ ಗಾಜು ಅಲುಗದಿದ್ದರೆ ವಿದ್ಯುತ್ ಭಾಗ ನಿರಪರಾಧಿ. ಗಾಜನ್ನು ಎಳೆಯುವ ಕೇಬಲ್ ಹರಿದಿದೆ, ಇಲ್ಲವೇ ಗಾಜನ್ನು ಹಿಡಿದ ಪ್ಲಾಸ್ಟಿಕ್ ತುಂಡು ಮುರಿದಿದೆ. ಕಟಕಟ ಸದ್ದು ಬಂದರೆ ಗೇರಿನ ಹಲ್ಲನ್ನೋ ಸುತ್ತುವ ಡ್ರಮ್ಮಿನಲ್ಲಿ ಸಿಕ್ಕಿಕೊಂಡ ಕೇಬಲನ್ನೋ ಶಂಕಿಸಿ. ಸದ್ದು ಮೊಟಕಾಗಿ ಬಂದು, ಒಳಗಿನ ದೀಪ ಒಮ್ಮೆ ಮಂಕಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಏನೋ ಅದನ್ನು ಹಿಡಿದು ನಿಲ್ಲಿಸಿದೆ ಎಂದರ್ಥ. ಆಗ ಒತ್ತುತ್ತಲೇ ಇರಬೇಡಿ. ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆದು ಬಿಸಿಯಾಗುತ್ತದೆ. ಒಳಗಿನ ರಕ್ಷಕ ಅದನ್ನು ಆರಿಸಿಬಿಟ್ಟರೆ, ತಣ್ಣಗಾಗುವವರೆಗೆ ಸರಿಯಿರುವ ಮೋಟಾರೂ ಸತ್ತಂತೆಯೇ ಕಾಣುತ್ತದೆ.

ಎಷ್ಟೋ ಸಲ ಹಿಡಿದು ನಿಲ್ಲಿಸಿರುವುದು ಬೀಡಿಂಗ್. ಬಿಸಿಲಿಗೆ ಸೆಟೆದ, ದೂಳು ತುಂಬಿದ ರಬ್ಬರು ಗಾಜನ್ನು ಕಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಅದರ ಸಂದನ್ನು ಉಜ್ಜಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಅಡುಗೆ ಎಣ್ಣೆ, ಗ್ರೀಸು ಬೇಡವೇ ಬೇಡ. ದೂಳನ್ನು ಸೆಳೆದು ಅಂಟಿಸಿಕೊಳ್ಳುತ್ತವೆ.

ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ. ನಾಲ್ಕೂ ಗಾಜು ಸತ್ತಿದ್ದರೆ ಅನುಮಾನ ಅತ್ತಲೇ ಹೋಗಬೇಕು. ಹಿಂದಿನ ಗಾಜುಗಳು ಮಾತ್ರ ಸತ್ತಿದ್ದರೆ ಚಾಲಕನ ಬಾಗಿಲಿನ ಲಾಕ್ ಗುಂಡಿಯನ್ನು ಮಕ್ಕಳು ಒತ್ತಿರಬಹುದು. ಗಾಜು ಒಂದು ದಿಕ್ಕಿಗೆ ಓಡುತ್ತದೆ, ಇನ್ನೊಂದು ದಿಕ್ಕಿಗೆ ಸದ್ದೇ ಇಲ್ಲ ಎಂದರೆ ಸ್ವಿಚ್ಚನ್ನು ಹಿಡಿಯಿರಿ. ಬಹುಪಾಲು ಸಾಧಾರಣ ಕಾರುಗಳಲ್ಲಿ ಮೋಟಾರಿಗೆ ಹೋಗುವುದು ಎರಡೇ ವಯರು. ಸ್ವಿಚ್ ಮುಟ್ಟದಿದ್ದಾಗ ಎರಡೂ ಅರ್ತ್‌ಗೆ ಸೇರಿರುತ್ತವೆ. ಮೇಲಕ್ಕೆ ಒತ್ತಿದರೆ ಒಂದಕ್ಕೆ 12 ವೋಲ್ಟ್, ಕೆಳಕ್ಕೆ ಒತ್ತಿದರೆ ಇನ್ನೊಂದಕ್ಕೆ. ಕರೆಂಟಿನ ದಿಕ್ಕು ಬದಲಾದರೆ ಮೋಟಾರಿನ ದಿಕ್ಕೂ ಬದಲು. ಹಾಗಾಗಿ ಒಂದು ದಿಕ್ಕಿಗೆ ಚೆನ್ನಾಗಿ ಓಡುವ ಮೋಟಾರಿನ ವಯರುಗಳು ಸರಿಯಾಗಿಯೇ ಇವೆ. ಕರಕಲಾಗಿರುವುದು ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್. ಇತರ ಬಾಗಿಲುಗಳ ಕರೆಂಟ್ ಅನೇಕ ಕಾರುಗಳಲ್ಲಿ ಚಾಲಕನ ಬಾಗಿಲಿನ ಸ್ವಿಚ್ಚನ್ನು ಹಾದೇ ಹೋಗುತ್ತದೆ. ಎಡಗಡೆಯ ಗಾಜು ಕೆಟ್ಟಾಗ ಬಲಗಡೆಯ ಸ್ವಿಚ್ ಬಿಚ್ಚುವ ಮೆಕ್ಯಾನಿಕ್ಕನ್ನು ನೋಡಿ ನಗಬೇಡಿ. ಅವನಿಗೆ ಕೆಲಸ ಗೊತ್ತಿದೆ.

ಇಲ್ಲಿ ಮಲ್ಟಿಮೀಟರ್ ಮೋಸ ಮಾಡುವ ಸಾಧ್ಯತೆಯಿದೆ. ಕರಕಲಾದ ಕಾಂಟ್ಯಾಕ್ಟಿನಲ್ಲಿ 1 ಓಮ್ ತಡೆ ಇದೆ ಎನ್ನಿ. ಮೀಟರು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಮೋಟಾರು 6 ಆಂಪಿಯರ್ ಎಳೆಯಹೊರಟರೆ ಅದೇ 1 ಓಮ್ 6 ವೋಲ್ಟನ್ನು ನುಂಗಿಹಾಕುತ್ತದೆ, ಮೋಟಾರಿಗೆ ಉಳಿಯುವುದು ಅರ್ಧ. ಇದಕ್ಕೆ ಹಳೆಯ 55 ವ್ಯಾಟಿನ ಹೆಡ್‌ಲೈಟ್ ಬಲ್ಬೇ ಮದ್ದು. ಮೋಟಾರಿನ ಕನೆಕ್ಟರ್ ಬಿಚ್ಚಿ, ಆ ಎರಡು ವಯರುಗಳ ನಡುವೆ ಬಲ್ಬು ಸೇರಿಸಿ ಸ್ವಿಚ್ ಒತ್ತಿ. ಅದು ನಾಲ್ಕೂವರೆ ಆಂಪಿಯರಿನಷ್ಟು ಎಳೆಯುವುದರಿಂದ ದಾರಿಯಲ್ಲಿ ತಡೆಯಿದ್ದರೆ ಮಂಕಾಗಿ ಉರಿದು ಹೇಳಿಬಿಡುತ್ತದೆ. ಎರಡೂ ದಿಕ್ಕಿಗೆ ಝಗ್ಗನೆ ಉರಿದರೆ ಮಾತ್ರ ತಪ್ಪು ಮೋಟಾರಿನದು. ಬಲ್ಬು ಬೇಗ ಸುಡುತ್ತದೆ, ಸೀಟಿನ ಮೇಲೆ ಇಡಬೇಡಿ. ಮೋಟಾರಿಗೇ ಎಲೆಕ್ಟ್ರಾನಿಕ್ ಘಟಕ ಜೋಡಿಸಿರುವ ಹೊಸ ಕಾರುಗಳಲ್ಲಿ ಈ ಪ್ರಯೋಗ ಸಲ್ಲ.

ಬಲ್ಬು ಉರಿಯದಿದ್ದರೆ ಬಾಗಿಲಿಗೂ ಕಾರಿನ ಮೈಗೂ ನಡುವಿನ ರಬ್ಬರ್ ಕೊಳವೆಯನ್ನು ಸರಿಸಿ ನೋಡಿ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅಲ್ಲಿನ ವಯರು ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಒಳಗಿನ ತಾಮ್ರ ತುಂಡಾಗಿದ್ದರೂ ಹೊರಗಿನ ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿಯೇ ಕಾಣುತ್ತದೆ. ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುವ ವಯರು ಒಳಗೆ ಹರಿದಿದೆ.

ಬಾಗಿಲು ಬಿಚ್ಚಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ತೆಗೆಯಿರಿ. ಪರೀಕ್ಷೆಯ ಹೊತ್ತಿಗಷ್ಟೇ ಮತ್ತೆ ಸೇರಿಸಿ. ಹಿಡಿಕೆಯ ಹಿಂದೆ ಅಡಗಿರುವ ಸ್ಕ್ರೂ ಬಿಚ್ಚಿ, ಡೋರ್ ಪ್ಯಾಡನ್ನು ಕೆಳತುದಿಯಿಂದ ಎಳೆದರೆ ಕ್ಲಿಪ್ಪುಗಳು ಒಂದೊಂದಾಗಿ ಬಿಡುತ್ತವೆ. ಒಳಗೆ ಕಪ್ಪು ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಅದನ್ನು ಹರಿದು ಎಸೆಯುವವರುಂಟು, ದೊಡ್ಡ ತಪ್ಪು. ಗಾಜಿನಗುಂಟ ಮಳೆನೀರು ಬಾಗಿಲೊಳಕ್ಕೆ ಇಳಿಯುವುದು ಸಹಜ. ಅದು ಸೀಟಿನ ಕಡೆಗೆ ಬಾರದಂತೆ ತಡೆಯುವುದು ಆ ಹಾಳೆಯೇ.

ಬಾಗಿಲೊಳಗಿನ ಯಂತ್ರ ಎರಡು ಬಗೆಯದು. ಕತ್ತರಿಯಂತೆ ತೋಳು ಮಡಿಚುವುದು ಒಂದು, ಬಾವಿಯ ರಾಟೆಯಂತೆ ಉಕ್ಕಿನ ಕೇಬಲಿನಿಂದ ಗಾಜನ್ನು ಎಳೆಯುವುದು ಇನ್ನೊಂದು. ಕೇಬಲಿನದಾದರೆ ಗಾಜನ್ನು ಯಂತ್ರದಿಂದ ಬಿಡಿಸಿ ಮೇಲಕ್ಕೆತ್ತಿ ಗಟ್ಟಿ ಟೇಪಿನಿಂದ ಬಾಗಿಲ ಚೌಕಟ್ಟಿಗೆ ಕಟ್ಟಿ, ಯಂತ್ರವನ್ನು ಇಡಿಯಾಗಿ ಬದಲಿಸಿ. ಮುರಿದ ಪ್ಲಾಸ್ಟಿಕ್ ತುಂಡಿಗೆ ಅಂಟು ಹಚ್ಚುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ, ಆ ಜಾತಿಯ ಪ್ಲಾಸ್ಟಿಕ್ಕಿಗೆ ಅಂಟು ನಿಲ್ಲುವುದು ಕಷ್ಟ. ಕತ್ತರಿ ಬಗೆಯದರಲ್ಲಿ ಸುರುಳಿ ಸ್ಪ್ರಿಂಗ್ ಬಿಗಿದುಕೊಂಡೇ ಇರುತ್ತದೆ. ಮೋಟಾರು ಕಳಚಿದ ಕ್ಷಣ ತೋಳು ಚಿಮ್ಮಿ ಬೆರಳನ್ನು ಜಜ್ಜಬಲ್ಲದು. ಅದನ್ನು ಮೆಕ್ಯಾನಿಕ್ಕಿಗೇ ಬಿಡಿ. ಬಾಗಿಲಿನಲ್ಲಿ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರು, ವಾರಂಟಿ ಮುಗಿಯದ ಕಾರು ಇವುಗಳ ತಂಟೆಗೂ ಹೋಗಬೇಡಿ.

ಒಂದೇ ಒತ್ತಿಗೆ ಪೂರ್ತಿ ಏರುವ ಗಾಜಿನಲ್ಲಿ ಬೆರಳು ಸಿಕ್ಕರೆ ಹಿಂದೆ ಸರಿಯುವ ರಕ್ಷಣೆ ಇರುತ್ತದೆ. ತಡೆಯ ಬಲ 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ತೂಕದಷ್ಟು, ಮೀರುವ ಮೊದಲೇ ಗಾಜು ತಿರುಗಿ ಇಳಿಯಬೇಕೆಂಬುದು ಅಮೆರಿಕ, ಯುರೋಪಿನ ನಿಯಮ. ಬ್ಯಾಟರಿ ಬಿಚ್ಚಿದ ಮೇಲೆ ಹಲವು ಕಾರುಗಳು ಗಾಜಿನ ಅಂಚು ಎಲ್ಲಿದೆ ಎಂಬ ಲೆಕ್ಕ ಮರೆಯುತ್ತವೆ, ಈ ರಕ್ಷಣೆಯೂ ಕೆಲಸ ಮಾಡದಿರಬಹುದು. ಅದನ್ನು ಮತ್ತೆ ಕಲಿಸುವ ವಿಧಾನ ಕಾರಿನ ಕೈಪಿಡಿಯಲ್ಲಿರುತ್ತದೆ. ಹೆಚ್ಚಿನವುಗಳಲ್ಲಿ ಗಾಜು ಪೂರ್ತಿ ಏರಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡು ಹಿಡಿದಿದ್ದರೆ ಸಾಕು. ಅದನ್ನು ಮಾಡುವವರೆಗೆ ಮಕ್ಕಳನ್ನು ಕಿಟಕಿಯಿಂದ ದೂರವಿಡಿ. ಡೋರ್ ಪ್ಯಾಡ್ ಮುಚ್ಚುವ ಮೊದಲು ಬಾಗಿಲಿನ ಅಡಿಯಲ್ಲಿರುವ ನೀರಿಳಿಯುವ ತೂತುಗಳಿಗೆ ಕಡ್ಡಿ ಹಾಕಿ ಕೆಸರು ಬಿಡಿಸಿ. ಅವು ಕಟ್ಟಿಕೊಂಡರೆ ಬಾಗಿಲು ತುಕ್ಕು ಹಿಡಿಯುತ್ತದೆ, ಹೊಸ ಮೋಟಾರಿಗೂ ನೀರು ತಾಗುತ್ತದೆ.